ಮೈಸೂರು ಸಾಹೇಬರು ರೊಟ್ಟಿ ಬಡಿದ ದಿನ

ನಮ್ಮ ಮಹಡಿಯ ಮೇಲೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ಮಂಡ್ಯದ ಕಡೆಯವಳು. ಇಲ್ಲಿ ಹಾವೇರಿಯಲ್ಲಿ ಬ್ಯಾಂಕಿನ ಕೆಲಸ. ಬೆಳಗಾದರೆ ಸಾಕು, ಅವಳು ಇಳಿಸುವ ಫಿಲ್ಟರ್ ಕಾಫಿಯ ಘಮ ಮೆಟ್ಟಿಲಿಳಿದು ನನ್ನ ಅಡುಗೆಮನೆಯವರೆಗೂ ಬರುತ್ತದೆ. ನಾನು ಹುಟ್ಟಾ ಚಹಾದವಳು. ಆದರೂ ಆ ವಾಸನೆ ಮೂಗಿಗೆ ಬಡಿದ ಮೊದಲ ದಿನ ಚಹಾದ ಕಪ್ಪು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಸವಣೂರಿನ ನಮ್ಮ ಓಣಿ ಕಣ್ಣ ಮುಂದೆ ಬಂತು. ಆ ಓಣಿಯಲ್ಲಿ ಕಾಫಿ ಕುಡಿಯುತ್ತಿದ್ದವರು ಒಬ್ಬರೇ ಒಬ್ಬರು. ಅವರಿಗೆ ಒಂದು ಹೆಸರು ಇದ್ದೇ ಇತ್ತು, ಆದರೆ ಅದನ್ನು ಯಾರೂ ಬಳಸಲಿಲ್ಲ. ಎಲ್ಲರಿಗೂ ಅವರು ಮೈಸೂರು ಸಾಹೇಬರು.

ರಾಜ್ಯ ಒಂದಾಗಿ ಹೆಚ್ಚು ದಿನವಾಗಿರಲಿಲ್ಲ. ಅದುವರೆಗೆ ಮುಂಬಯಿಯ ಕಡೆ ಮುಖ ಮಾಡಿಕೊಂಡಿದ್ದ ನಮ್ಮ ಕಚೇರಿಗಳು ಆಗ ಬೆಂಗಳೂರಿನ ಕಡೆ ತಿರುಗಿ ಕೂಡುತ್ತಿದ್ದವು. ದಕ್ಷಿಣದಿಂದ ಹೊಸ ಸಾಹೇಬರುಗಳು ಬರುತ್ತಿದ್ದರು. ಅವರು ‘ಆಗುತ್ತೆ’, ‘ಹೋಗುತ್ತೆ’ ಅಂದರೆ ನಾವು ಹುಡುಗಿಯರು ಗೋಡೆಯ ಹಿಂದೆ ನಿಂತು ಅಣಕಿಸಿ ನಗುತ್ತಿದ್ದೆವು. ಅವರಲ್ಲೊಬ್ಬರು ನಮ್ಮೆದುರಿನ ಆಚಾರ್ಯರ ಮನೆಯ ಹೊರಗಿನ ಖೋಲಿಗೆ ಬಾಡಿಗೆಗೆ ಬಂದರು. ತೆಳ್ಳನೆಯ ಆಳು, ಯಾವಾಗಲೂ ಒಂದೇ ಬಣ್ಣದ ಕೋಟು. ಮೊದಲ ದಿನ ಅವರು ಕಾಫಿ ಮಾಡಿಕೊಂಡಾಗ ಆಚಾರ್ಯರ ಹೆಂಡತಿ ಹೊರಗೆ ಓಡಿ ಬಂದು, “ಎಲ್ಲೋ ಏನೋ ಸುಟ್ಟದ, ನೋಡ್ರೆ” ಎಂದು ಓಣಿಯನ್ನೆಲ್ಲ ಎಬ್ಬಿಸಿದ್ದರು.

ಅವರ ಕೆಲಸ ಏನೆಂದು ಓಣಿಗೆ ತಿಳಿಯಲು ಬಹಳ ದಿನ ಹಿಡಿಯಿತು. ಸರ್ಕಾರ ಕೆಲವು ಕೆಲಸಗಳನ್ನು ಗುತ್ತಿಗೆಗೆ ಕೊಡುತ್ತಿತ್ತು. ಹಾಸ್ಟೆಲಿನ ಅಡುಗೆ, ದವಾಖಾನೆಗೆ ನೀರು ತುಂಬುವುದು, ರಸ್ತೆಗೆ ಖಡಿ ಒಡೆಯುವುದು, ಇಂಥವು. ಆ ಗುತ್ತಿಗೆಯಲ್ಲಿ ದುಡಿಯುವವರ ಪೈಕಿ ಯಾರದು ಕುಶಲ ಕೆಲಸ, ಯಾರದು ಸಾಧಾರಣ ಕೆಲಸ, ಯಾವುದಕ್ಕೆ ಎಷ್ಟು ಪಗಾರ ಎಂದು ಗೊತ್ತುಮಾಡುವವರು ಇವರು. ಇವರು ಬರೆದದ್ದಕ್ಕಿಂತ ಕಡಿಮೆ ಕೊಡಲು ಗುತ್ತಿಗೆದಾರನಿಗೆ ಬರುತ್ತಿರಲಿಲ್ಲ. ಹೆಚ್ಚು ಕೊಡುವ ಗುತ್ತಿಗೆದಾರನನ್ನಂತೂ ನಾನು ಈವರೆಗೆ ಕಂಡಿಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕು ಅವರ ಪಾಲಿಗೆ ಬಂದಿದ್ದವು. ಬಸ್ಸು ಹೋಗುವ ಕಡೆ ಬಸ್ಸು, ಉಳಿದ ಕಡೆ ಸೈಕಲ್ಲು.

ಅವರಿಗೊಂದು ವಿಚಿತ್ರ ಪದ್ಧತಿಯಿತ್ತು. ಕೈ ಹಚ್ಚಿ ನೋಡದೆ ಯಾವ ಕೆಲಸದ ದರ್ಜೆಯನ್ನೂ ಬರೆಯುತ್ತಿರಲಿಲ್ಲ. ಶಿಗ್ಗಾಂವಿಯ ರಸ್ತೆಯ ಮೇಲೆ ಕೋಟು ಬಿಚ್ಚಿಟ್ಟು ಹೆಂಗಸರ ಸಾಲಿನಲ್ಲಿ ಕುಳಿತು ಖಡಿ ಒಡೆದರಂತೆ, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದರು. ಹಿರೇಕೆರೂರಿನ ದವಾಖಾನೆಯಲ್ಲಿ ಬಾವಿಯಿಂದ ನೀರು ಸೇದಲು ಹೋಗಿ ಕೊಡವನ್ನೂ ಹಗ್ಗವನ್ನೂ ಒಳಗೇ ಬಿಟ್ಟರಂತೆ. ಅವರಿಗಿಂತ ಮೊದಲೇ ಅವರ ಸುದ್ದಿ ಊರು ಮುಟ್ಟುತ್ತಿತ್ತು. “ತಲಿ ಸರಿ ಇದ್ದಂಗಿಲ್ಲ” ಎನ್ನುವವರೇ ಹೆಚ್ಚು.

ನನ್ನ ಅವ್ವ ಸವಣೂರಿನ ಸರ್ಕಾರಿ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ಹಿಡಿದ ಕೆಲಸ ಅದು. ಹಳ್ಳಿಹಳ್ಳಿಯಿಂದ ಬಂದ ಹುಡುಗರು, ಎರಡೂ ಹೊತ್ತು ಜೋಳದ ರೊಟ್ಟಿ. ರೊಟ್ಟಿಯ ಹೊರತು ಹೊಟ್ಟೆ ತುಂಬಿತು ಅನ್ನುವವರಲ್ಲ. ಅಷ್ಟೂ ರೊಟ್ಟಿ ಅವ್ವನ ಕೈಯವೇ. ಸಾರು, ಪಲ್ಯ, ಒಂದಿಷ್ಟು ಅನ್ನ ಮಾಡಲು ಒಬ್ಬ ಭಟ್ಟರಿದ್ದರು. ಅವರ ಸಾರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

ಹೊಸ ಗುತ್ತಿಗೆ ಶುರುವಾಗುವ ಹೊತ್ತಿಗೆ ಬೆಂಗಳೂರಿನಿಂದ ಕೆಲಸಗಳ ಪಟ್ಟಿ ಬಂತು. ಅದರಲ್ಲಿ ಅಡುಗೆಯವರು ಇದ್ದರು, ಅದು ಕುಶಲ ಕೆಲಸ. ಸಹಾಯಕರು ಇದ್ದರು, ನೀರಿನವರು ಇದ್ದರು, ಅವು ಸಾಧಾರಣ. ರೊಟ್ಟಿ ಬಡಿಯುವವರು ಮಾತ್ರ ಎಲ್ಲಿಯೂ ಇರಲಿಲ್ಲ. ಪಟ್ಟಿ ಮಾಡಿದವರು ಅನ್ನ, ಮುದ್ದೆ ಉಣ್ಣುವ ಸೀಮೆಯವರು, ಅವರಿಗೆ ಅದು ಹೊಳೆಯಲೇ ಇಲ್ಲ. ಹಾನಗಲ್ಲಿನಲ್ಲಿ ಆ ಪಟ್ಟಿ ಸರಿಹೊಂದಿತಂತೆ, ಅದು ಭತ್ತ ಬೆಳೆಯುವ ಕಡೆ. ಸವಣೂರಿಗೆ ಬರುವಷ್ಟರಲ್ಲಿ ಅದು ಕುಂಟತೊಡಗಿತು.

ಗುತ್ತಿಗೆದಾರ ಕೆಟ್ಟ ಮನುಷ್ಯನೇನಲ್ಲ, ಲೆಕ್ಕದ ಮನುಷ್ಯ. ಒಂದು ಸಂಜೆ ಮನೆಗೇ ಬಂದು ಅವ್ವನಿಗೆ ಹೇಳಿದ: ಪಟ್ಟಿಯಲ್ಲಿ ನಿನ್ನ ಕೆಲಸ ಇಲ್ಲ, ಸಹಾಯಕಿ ಎಂದು ಬರೆಸುತ್ತೇನೆ, ಪಗಾರ ಅರ್ಧಕ್ಕೆ ಇಳಿಯುತ್ತದೆ. “ಮಗಳ್ನೂ ಕರಕೊಂಡ್ ಬಾ ಯವ್ವಾ. ಇಬ್ಬರದೂ ಕೂಡಿದ್ರ ಮೊದಲಿನಷ್ಟ ಆಕ್ಕೈತಿ.”

ನಾನು ಆಗಷ್ಟೇ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಹೈಸ್ಕೂಲಿಗೆ ಹೋಗಬೇಕೆಂದು ಪ್ರಾಣ ಬಿಡುತ್ತಿದ್ದೆ. ಅವ್ವನಿಗೂ ನನ್ನನ್ನು ಓದಿಸುವ ಆಸೆಯಿತ್ತು. ಆದರೆ ಮರುದಿನ ಬೆಳಗ್ಗೆ ನನ್ನ ಪಾಟಿಚೀಲವನ್ನು ಗೂಟದಿಂದ ತೆಗೆದು ಒಳಗಿಟ್ಟಳು. ನನಗೆ ಅಳು ಬಂತು. ಅವ್ವ ಸಹಾಯಕಿಯಾದರೆ ನನ್ನ ಸಾಲಿ ಮುಗಿಯಿತು, ಅಡುಗೆಯವಳಾದರೆ ಉಳಿಯಿತು. ಅದನ್ನು ಗೊತ್ತುಮಾಡುವವರು ಎದುರು ಮನೆಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದರು.

ಸಾಹೇಬರು ಹಾಸ್ಟೆಲಿಗೆ ಬಂದ ದಿನ ಅವ್ವ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಳು, ಗುತ್ತಿಗೆದಾರ ಹೇಳಿದ್ದನಲ್ಲ. ನಾನು ಮೂಲೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಅವರು ಕೋಟು ಬಿಚ್ಚಿ ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟರು, ಕೈ ತೊಳೆದರು, ಅವ್ವನ ಹಲಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು. ಅವ್ವ ದೂರ ಸರಿದು ಸೆರಗು ಬಾಯಿಗೆ ಹಿಡಿದಳು. ಮುದ್ದೆ ಮಾಡಿ ಹಲಗೆಯ ಮೇಲಿಟ್ಟು ಎರಡು ಏಟು ಬಡಿದರು ನೋಡಿ, ಅದು ಮೂರು ತುಂಡಾಯಿತು. ಜೋಡಿಸಿ ಮತ್ತೆ ಬಡಿದರು. ಎತ್ತಲು ಹೋದಾಗ ಅರ್ಧ ಕೈಯಲ್ಲಿ, ಅರ್ಧ ಹಲಗೆಯ ಮೇಲೆ. ಕಿಟಕಿಗೆ ಮುತ್ತಿಕೊಂಡಿದ್ದ ಹುಡುಗರು ಹೋ ಎಂದು ನಕ್ಕರು. ಸಾಹೇಬರೂ ನಕ್ಕರು. ನನಗೆ ಒಳಗೊಳಗೇ ಖುಷಿ. ಇವರಿಗೇ ಬರಲಿಲ್ಲ ಅಂದಮೇಲೆ ಇದು ಕುಶಲ ಕೆಲಸವೇ ಎಂದು ಬರೆಯುತ್ತಾರೆ ಅಂದುಕೊಂಡೆ.

ಅವರು ಹಾಗೆ ಮಾಡುವವರಲ್ಲ. “ನನಗೆ ಬರಲಿಲ್ಲ ಅನ್ನೋದು ಲೆಕ್ಕಕ್ಕಿಲ್ಲ. ನನಗೆ ನೀರು ಸೇದೋಕೂ ಬರೋದಿಲ್ಲ” ಎಂದರು. ಎಂಟು ದಿನದಲ್ಲಿ ಕಲಿಯಬಹುದಾದದ್ದು ಸಾಧಾರಣ ಕೆಲಸ, ವರ್ಷಗಟ್ಟಲೆ ಹಿಡಿಯುವುದು ಕುಶಲ ಕೆಲಸ, ಇದು ಅವರ ಅಳತೆ. ಆಮೇಲೆ ಅವ್ವನ ಕಡೆ ತಿರುಗಿ, “ಇದನ್ನ ಕಲಿಯೋಕೆ ಎಷ್ಟು ದಿನ ಬೇಕಾಗುತ್ತಮ್ಮ?” ಎಂದು ಕೇಳಿದರು.

ಅವ್ವ ಏನೆಂದಳು ಗೊತ್ತೇ? “ಅದೇನ್ ದೊಡ್ಡ ವಿದ್ಯಾರೀ ಸಾಹೇಬ್ರ. ಎಲ್ಲಾ ಹೆಣ್ಮಕ್ಕಳೂ ಮಾಡೂದ.”

ಅವ್ವನದು ಸುಳ್ಳಲ್ಲ, ಸಂಕೋಚ. ನಮ್ಮ ಕಡೆಯ ಹೆಂಗಸರು ಹಾಗೆಯೇ. ಹೋಳಿಗೆ ಚೆನ್ನಾಗಿದೆ ಅನ್ನಿ, ಬೆಲ್ಲ ಕಡಿಮೆಯಾಗಿದೆ ಅನ್ನುತ್ತಾರೆ. ಹೊಲಿಗೆ ಚೆಂದ ಅನ್ನಿ, ದಾರ ಸರಿಯಿಲ್ಲ ಅನ್ನುತ್ತಾರೆ. ಹಿರಿಯರ ಮುಂದೆ ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವುದೆಂದರೆ ಅವ್ವನಿಗೆ ಬೀದಿಯಲ್ಲಿ ತಲೆ ಬಿಚ್ಚಿಕೊಂಡು ನಿಂತಷ್ಟು ನಾಚಿಕೆ. ಗುತ್ತಿಗೆದಾರನಿಗೆ ಅಷ್ಟೇ ಸಾಕಾಯಿತು. “ನಮ್ಮ ಕಡೆ ಹೆಣ್ಣು ಹುಟ್ಟೂ ಮುಂದ ರೊಟ್ಟಿ ಬಡಕೋಂತ ಹುಟ್ಟತೈತ್ರಿ ಸಾಹೇಬ್ರ” ಎಂದು ನಕ್ಕ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಆಗ ಅವರ ಕಣ್ಣು ನನ್ನ ಮೇಲೆ ಬಿತ್ತು. ಎದುರು ಮನೆಯ ಹುಡುಗಿ ಎಂದು ಗುರುತಿತ್ತು. ಒಂದು ಗಳಿಗೆ ನನ್ನನ್ನೇ ನೋಡಿದರು… ಆ ನೋಟ ಈಗಲೂ ನೆನಪಿದೆ, ಏನೋ ತುಂಟತನ ಹೊಳೆದ ಹಾಗಿತ್ತು. “ಹಾಗಾದರೆ ಈ ನಿಮ್ಮ ಮಗಳೂ ಚೆನ್ನಾಗಿ ಬಡೀತಾಳೆ ಅನ್ನಿ” ಎಂದರು.

ಅವ್ವ ಸೆರಗು ಬಾಯಿಂದ ತೆಗೆದಳು.

“ಈಕೀನ? ಈಕಿ ಏನ್ ಬಡೀತಾಳ್ರಿ ರೊಟ್ಟಿ! ಮೂರು ವರ್ಷ ಆತು ಹಲಿಗಿ ಮುಂದ ಕುಂದರಿಸಾಕತ್ತು. ಹಳೇ ಜ್ವಾಳಕ್ಕ ಜಿಗಿ ಇರೂದಿಲ್ಲ, ಕುದಿಯೂ ನೀರು ಜಾಸ್ತಿ ಬೇಕು, ಹೊಸಾದಕ್ಕ ಕಡಿಮಿ, ಎಷ್ಟು ಹೇಳಿದ್ರೂ ತಲ್ಯಾಗ ಇಳಿಯೂದಿಲ್ಲ. ನಾದು ಅಂದ್ರ ಮೈಗಳ್ಳಿ. ನಡುವ ದಪ್ಪ, ಅಂಚು ಒಡಕು. ಹಂಚಿನ ಮ್ಯಾಲೆ ಸವರಿದ ನೀರು ಆರೂದ್ರಾಗ ಹೊಳ್ಳಿ ಹಾಕಿದ್ರ ಹತ್ಕೋತೈತಿ, ತಡಾ ಮಾಡಿದ್ರ ಉಬ್ಬೂದಿಲ್ಲ. ಒಂದು ಬೇಯೂದ್ರಾಗ ಇನ್ನೊಂದು ಹಲಿಗಿ ಮ್ಯಾಲೆ ತಯಾರಿರಬೇಕು, ಉರೀನೂ ನೋಡಬೇಕು. ಅತ್ತಾಗ ಹುಡುಗ್ರು ತಾಟು ಬಡ್ಯಾಕತ್ತಿರ್ತಾವ. ಈಕಿ ಕೈಯಾಗ ಕೊಟ್ರ ಅವೆಲ್ಲಾ ಉಪಾಸ ಮಲಗೂದ! ಇನ್ನಾ ಮೂರು ವರ್ಷ ಬೇಕ್ರಿ ಈಕಿಗೆ. ಅವಾಗೂ ಬಂದ್ರ ಬಂತು, ಇಲ್ಲಂದ್ರ ಇಲ್ಲ!”

ಕಿಟಕಿಯಲ್ಲಿ ಅಷ್ಟು ಹುಡುಗರು. ನಾನು ಜರಡಿಯಿಂದ ಮುಖ ಮುಚ್ಚಿಕೊಂಡೆ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ.

ಸಾಹೇಬರು ಮಾತ್ರ ಬರೆಯುತ್ತಲೇ ಇದ್ದರು. ಅವ್ವ ಉಸಿರು ತೆಗೆದುಕೊಳ್ಳಲು ನಿಂತಾಗ ತಲೆ ಎತ್ತಿ, “ಅಂದರೆ ಮೂರು ವರ್ಷ ಕಲಿತರೂ ಪೂರ್ತಿ ಕೈಗೆ ಹತ್ತದ ಕೆಲಸ ಇದು. ಅಲ್ವೇನಮ್ಮ?” ಎಂದರು. ಅವ್ವ ತನ್ನನ್ನು ಹೊಗಳಿಕೊಳ್ಳದೆಯೇ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಗುತ್ತಿಗೆದಾರ ಕೆಮ್ಮಿದ. ಸಾಹೇಬರು ಕೋಟು ಹಾಕಿಕೊಂಡು ಹೊರಡುವಾಗ ನನ್ನ ಹತ್ತಿರ ನಿಂತು ಮೆಲ್ಲನೆ, “ಚೆನ್ನಾಗಿ ಬೈಸ್ಕೊಂಡೆ ಮಗೂ” ಎಂದರು.

ಅವರು ಬರೆದದ್ದು ಮೇಲಿನವರಿಂದ ಮಂಜೂರಾಗಿ ಬರುವಷ್ಟರಲ್ಲಿ ಮಳೆಗಾಲ ಶುರುವಾಗಿತ್ತು. ನಡುವೆ ನಾವು ಪಟ್ಟ ಆತಂಕ ಅಷ್ಟಿಷ್ಟಲ್ಲ. ದಿನಾ ಬೆಳಗ್ಗೆ ಕಾಫಿಯ ವಾಸನೆ ಬಂದರೆ, ಇವತ್ತಾದರೂ ಏನಾದರೂ ಹೇಳುತ್ತಾರೆಯೋ ಎಂದು ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ಇಲ್ಲ ಎಂದು ತಲೆಯಾಡಿಸಿ ಸೈಕಲ್ಲು ಹತ್ತುತ್ತಿದ್ದರು. ಒಂದು ದಿನ ತಲೆಯಾಡಿಸಲಿಲ್ಲ, ಸೀದಾ ನಮ್ಮ ಕಟ್ಟೆಗೆ ಬಂದರು. ರೊಟ್ಟಿ ಮಾಡುವವರಿಗೂ ಅಡುಗೆಯವರ ದರ್ಜೆ. ಸವಣೂರಿನಲ್ಲಿ ಮಾತ್ರವಲ್ಲ, ರೊಟ್ಟಿ ಉಣ್ಣುವ ಉಳಿದ ಹಾಸ್ಟೆಲುಗಳಲ್ಲೂ. ಅವ್ವ ಅವರ ಕೈಗೆ ನೀರಿನ ತಂಬಿಗೆ, ಬೆಲ್ಲ ಕೊಟ್ಟಳು. ಅವರು ಹೋದ ಮೇಲೆ ಒಳಗಿಟ್ಟಿದ್ದ ಪಾಟಿಚೀಲ ತಂದು ನನ್ನ ಮುಂದೆ ಒಗೆದಳು.

“ಹೋಗು ಸಾಲಿಗೆ. ಹೆಂಗೂ ರೊಟ್ಟಿ ಬಡ್ಯಾಕ ಬರೂದಿಲ್ಲ ನಿನಗ.”

ಅಷ್ಟು ಸಂತೋಷದ ಬೈಗುಳ ಮತ್ತೆಂದೂ ಕೇಳಲಿಲ್ಲ.

ಮುಂದಿನ ವರ್ಷವೋ ಅದರಾಚೆಯ ವರ್ಷವೋ ಅವರಿಗೆ ವರ್ಗವಾಯಿತು. ಹೊರಡುವ ದಿನ ಅವ್ವ ಒಣಗಿಸಿದ ಖಡಕ್ ರೊಟ್ಟಿಯ ಗಂಟು ಕಟ್ಟಿಕೊಟ್ಟಳು. ಬಸ್ಸಿನ ಕಿಟಕಿಯಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು… ಅಷ್ಟೇ ನನಗೆ ನೆನಪಿರುವುದು. ಹೈಸ್ಕೂಲು ಮುಗಿಸಿ, ಟ್ರೇನಿಂಗು ಮುಗಿಸಿ ನಾನು ಬಂಕಾಪುರದಲ್ಲಿ ಶಿಕ್ಷಕಿಯಾದೆ. ಎಷ್ಟೋ ವರ್ಷದ ಮೇಲೆ ಮಕ್ಕಳ ಪ್ರವಾಸದ ಜೊತೆ ಮೈಸೂರಿಗೆ ಹೋದಾಗ ವಿಚಾರಿಸಿ ವಿಚಾರಿಸಿ ಅವರ ಮನೆ ಹುಡುಕಿದೆ. ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ. ಅವರ ಹೆಂಡತಿ ಕಾಫಿ ಕೊಟ್ಟರು. ಸವಣೂರು ಎಂದು ಕೇಳಿದೊಡನೆ ಅವರ ಮುಖ ಅರಳಿತು. “ರಿಟೈರ್ ಆದ ಮೇಲೆ ಭಾನುವಾರ ಬಂದರೆ ಜೋಳದ ಹಿಟ್ಟು ಹಿಡ್ಕೊಂಡು ಕೂರ್ತಿದ್ರು. ಒಂದು ದಿನಾನೂ ಅಂಚು ಸರಿಯಾಗಲಿಲ್ಲ. ಆ ಅಮ್ಮ ಇಲ್ಲಿದ್ದಿದ್ರೆ ನನಗೆ ಇನ್ನೂ ಎಷ್ಟು ವರ್ಷ ಬೇಕು ಅಂತಿದ್ರೋ ಅಂತ ನಗ್ತಿದ್ರು” ಎಂದರು. ಊರಿಗೆ ಬಂದು ಅವ್ವನಿಗೆ ಇದನ್ನು ಹೇಳಿದೆ. ಅವ್ವ “ನಾದೂದು ಕಡಿಮಿ ಆಗಿರ್ತೈತಿ ಅವ್ರದು” ಎಂದು ಕಣ್ಣೊರೆಸಿಕೊಂಡಳು. ಈಗ ಅವ್ವನೂ ಇಲ್ಲ.

ಹೋದ ಭಾನುವಾರ ಮಹಡಿಯ ಹುಡುಗಿ ಕೆಳಗಿಳಿದು ಬಂದಳು. “ಆಂಟಿ, ನನಗೂ ರೊಟ್ಟಿ ಕಲಿಸ್ತೀರಾ?” ಅಂದಳು. ನನಗೇ ನೆಟ್ಟಗೆ ಬಾರದ್ದನ್ನು ಏನು ಕಲಿಸಲಿ? ಆದರೂ ಹಲಗೆ ತೆಗೆದೆ. ಅವಳು ಮುದ್ದೆ ಮಾಡಿ ಎರಡು ಏಟು ಬಡಿದಳು, ಅದು ಮೂರು ತುಂಡಾಯಿತು. ನನ್ನ ಬಾಯಿಂದ ತಾನಾಗಿಯೇ ಹೊರಟಿತು: ನಾದು ಅಂದ್ರ ಮೈಗಳ್ಳಿ, ನಡುವ ದಪ್ಪ, ಅಂಚು ಒಡಕು… ಧ್ವನಿ ಕೂಡ ಅವ್ವನದೇ. ಹುಡುಗಿ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದಳು, ನನ್ನ ಹಂಚಿನ ಮೇಲಿದ್ದ ರೊಟ್ಟಿ ನೋಡಿದಳು. “ನಿಮ್ಮದೂ ಅಂಚು ಒಡೆದಿದೆಯಲ್ಲ ಆಂಟಿ!” ಎಂದು ನಕ್ಕಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಬಾಗಿಲ ಬಳಿ ಕೋಟು ಬಿಚ್ಚಿಟ್ಟು ಯಾರಾದರೂ ಕುಳಿತಿರಬೇಕಿತ್ತು, ಕೇಳಿ ಬರೆದುಕೊಳ್ಳಬೇಕಿತ್ತು ಅನ್ನಿಸಿತು. ಯಾರೂ ಇರಲಿಲ್ಲ.

ಹಿಟ್ಟು ಇನ್ನೂ ಉಳಿದಿತ್ತು. “ಇನ್ನೊಂದು ಬಡಿ” ಎಂದೆ.