ಬಣ್ಣ ಬಾರದ ಗುಳಿಗೆ

ರಾಂಜಣಗಾಂವದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಮಾಲು ಅಳೆಯುವುದು, ಪಾಸೋ ಫೇಲೋ ಹೇಳುವುದು. ಮೂರು ಸಲ ಅಳೆದು ಮೂರೂ ಸಲ ಒಂದೇ ಅಂಕಿ ಬಂದರೆ ಅದೇ ಖರೆ, ಮುಂದೆ ಮಾತಿಲ್ಲ. ನಿವೃತ್ತನಾದರೂ ಚಟ ಬಿಡಲಿಲ್ಲ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಥರ್ಮಾಮೀಟರ್ ಮೂರು ಸಲ ಇಡುತ್ತಿದ್ದೆ.

ಮೊಮ್ಮಗಳಿಗೆ ಆರು ವರ್ಷ, ದಮ್ಮಿನ ಕಾಟ. ಈಜಿದರೆ ಉಸಿರಿಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ತಡ, ಮಗ ಮನೆಯ ಹಿಂದೆ ಪುಟ್ಟ ಈಜುಕೊಳ ಕಟ್ಟಿಸಿದ. ಗಂಗಾಪೂಜೆ ಆಗದೆ ಕೂಸು ನೀರಿಗೆ ಇಳಿಯಕೂಡದೆಂದು ನನ್ನ ಅವ್ವ ಹಟ ಹಿಡಿದಳು. ಸಂಜೆ ಐದಕ್ಕೆ ಪೂಜೆ ಎಂದಾಯಿತು. ಬೆಳಿಗ್ಗೆ ನೋಡಿದರೆ ನೀರು ಹಸಿರು! ಕೊಳ ನೋಡಿಕೊಳ್ಳುವವನು ಊರಿಗೆ ಹೋಗಿದ್ದ. ಅವನೇನು ದೊಡ್ಡ ಪಂಡಿತನೇ ಎಂದುಕೊಂಡು ನಾನೇ ಕ್ಲೋರಿನ್ ಪುಡಿ ಸುರಿದೆ.

ಪರೀಕ್ಷೆ ಸುಲಭ. ಗಾಜಿನ ಸಣ್ಣ ಕೊಳವೆಗೆ ಕೊಳದ ನೀರು ತುಂಬಿ ಒಂದು ಗುಳಿಗೆ ಹಾಕಿ ಒಂದು ನಿಮಿಷ ಬಿಡಬೇಕು. ಗುಲಾಬಿ ಬಣ್ಣ ಎಷ್ಟು ಗಾಢವೋ ಕ್ಲೋರಿನ್ ಅಷ್ಟು ಹೆಚ್ಚು. ಮಧ್ಯಾಹ್ನ ಹಾಕಿದರೆ ಬಣ್ಣವೇ ಇಲ್ಲ. ಪಾಚಿಯೇ ಎಲ್ಲ ನುಂಗಿತೆಂದು ಮತ್ತೆ ಸುರಿದೆ. ಆಗಲೂ ಇಲ್ಲ. ಇನ್ನೊಮ್ಮೆ ಸುರಿದೆ. ಮೂರನೆಯ ಸಲವೂ ಇಲ್ಲ. ಮೂರೂ ಸಲ ಸೊನ್ನೆ. ಪುಡಿಯಲ್ಲೇ ಸತ್ವವಿಲ್ಲ ಎಂದು ಅಂಗಡಿಯವನನ್ನು ಬೈದುಕೊಂಡೆ. ನೀರಂತೂ ತಿಳಿಯಾಗಿತ್ತು. ಇಳಿಯಲಿ, ಏನೂ ಆಗದು ಎಂದುಬಿಟ್ಟೆ.

ಐದಕ್ಕೆ ಅವ್ವ ಅಂಚಿಗೆ ಕೂತು ಅರಿಶಿನ ಕುಂಕುಮ ಏರಿಸಿದಳು. ಮೊಮ್ಮಗಳು ಮೊದಲ ಮೆಟ್ಟಿಲ ಬಳಿ ಕುಣಿಯುತ್ತಿದ್ದಳು.

“ವಾಸನಿ ಭಾಳ ಬಡೀತದಲ್ಲೋ” ಎಂದಳು ಅವ್ವ.

ನನಗೆ ರೇಗಿತು. “ಕ್ಲೋರಿನ್ನೇ ಇಲ್ಲವ್ವಾ, ಮೂರು ಸಲ ನೋಡೀನಿ. ತಗೋ, ನೀನೂ ನೋಡು” ಎಂದು ಅವಳ ಕಣ್ಣೆದುರೇ ಗುಳಿಗೆ ಹಾಕಿದೆ. “ಬಂತೇನು ಬಣ್ಣ?”

“ಬಂತಲ್ಲೋ. ಬಂದು ಹೋತು.”

ಅವ್ವನ ತವರಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದರು. “ಬಿಳುಪು ಮಾಡೋ ಪುಡಿ ನೂಲಾಗ ಉಳಿದ್ರ ಹಿಂಗ ಬಣ್ಣಾ ತಿಂತಿತ್ತು” ಎಂದಳು.

ನಾನು ಕೊಳಕ್ಕೆ ಸುರಿದದ್ದೂ ಅದೇ ಬಿಳುಪಿನ ಪುಡಿ. ಮೂರು ಸಲವೂ ನಾನು ಗುಳಿಗೆ ಹಾಕಿ ಗಡಿಯಾರ ನೋಡಿದ್ದೆ, ಕೊಳವೆ ನೋಡಿರಲಿಲ್ಲ. ಒಂದು ಚಮಚ ಕೊಳದ ನೀರಿಗೆ ಒಂಬತ್ತು ಚಮಚ ಕುಡಿಯುವ ನೀರು ಬೆರೆಸಿ ಗುಳಿಗೆ ಹಾಕಿದೆ. ಹತ್ತು ಪಟ್ಟು ತೆಳುವಾದರೂ ಬೀಟ್‌ರೂಟ್ ಸಾರಿನಂತೆ ಕೆಂಪಾಯಿತು. ತಿರುಗಿದರೆ ಮೊಮ್ಮಗಳ ಕಾಲು ಮೆಟ್ಟಿಲ ಮೇಲಿತ್ತು, ಬಗ್ಗಿ ಕೈಯಿಂದ ನೀರು ಚಿಮ್ಮಿಸುತ್ತಿದ್ದಳು. ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಅವಳು ಅಳತೊಡಗಿದಳು, ಅಳು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಸೊಸೆ ಓಡಿಬಂದು ದಮ್ಮಿನ ಪಂಪು ಬಾಯಿಗಿಟ್ಟಳು. ಎರಡನೆಯ ಸಲ ಒತ್ತಿದ ಮೇಲೆ ಉಸಿರು ತಿರುಗಿತು. ಅಷ್ಟು ಹೊತ್ತೂ ನಾನು ಕೊಳವೆ ಹಿಡಿದುಕೊಂಡೇ ನಿಂತಿದ್ದೆ. ಸೊಸೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಅರ್ಧ ನೀರು ಖಾಲಿ ಮಾಡಿಸಿ ಹೊಸದು ತುಂಬಿಸಿದೆವು. ಹತ್ತು ದಿನಕ್ಕೆ ಗುಲಾಬಿ ಹದಕ್ಕೆ ಬಂತು. ಕಣ್ಣು ಮಿಟುಕಿಸದೆ ಮೂರು ಸಲ ನೋಡಿದೆ.

“ಇಳಿಯವ್ವಾ, ಈಗ ಸರಿ ಅದ” ಎಂದು ಮೊಮ್ಮಗಳಿಗೆ ಹೇಳಿದೆ.

ಅವಳು ನನ್ನ ಕೈಯಿಂದ ಕೊಳವೆ ತೆಗೆದುಕೊಂಡು, ಚೆಲ್ಲದಂತೆ ನಡೆದುಹೋಗಿ ಮುತ್ತಜ್ಜಿಯ ಮುಂದೆ ಹಿಡಿದಳು.

“ನೀ ನೋಡಿ ಹೇಳು” ಎಂದಳು.