ಸಂಕಷ್ಟಿಯ ದಿನದ ಸಹಿ

ಮುತ್ತು ಮರಕಾಲ್ತಿಗೆ ಹೆದರಿಕೆ ಎನ್ನುವುದು ಹುಟ್ಟುಗುಣ. ಹಲ್ಲಿ ಲೊಚಗುಟ್ಟಿದರೆ ಹೆದರಿಕೆ, ಇಂಜೆಕ್ಷನ್ ಸೂಜಿ ಕಂಡರೆ ಹೆದರಿಕೆ, ಖಾಕಿ ಬಟ್ಟೆಯ ಪೋಸ್ಟ್‌ಮ್ಯಾನ್ ಅಂಗಳಕ್ಕೆ ಬಂದರೂ ಒಂದು ಸಲ ಎದೆ ಧಸಕ್ಕೆನ್ನುತ್ತದೆ. ಸಮುದ್ರಕ್ಕಂತೂ ಕೈಮುಗಿದು ದೂರ ನಿಲ್ಲುವವಳು. ಮರವಂತೆಯ ಅವಳ ತವರುಮನೆಯನ್ನು ಒಂದು ಮಳೆಗಾಲ ಸಮುದ್ರ ಹಿತ್ತಿಲ ಸಮೇತ ಕೊಂಡುಹೋಗಿತ್ತು. ಆಗ ಅವಳಿಗೆ ಒಂಬತ್ತು ವರ್ಷ. ಈ ಐವತ್ತಾರರಲ್ಲೂ ಅಲೆಯ ಸದ್ದು ಜೋರಾದರೆ ಎದ್ದು ಕೂರುತ್ತಾಳೆ.

ಅವಳು ಮದುವೆಯಾಗಿ ಬಂದ, ಸುತ್ತಲೂ ನೀರಿರುವ ಕುದ್ರು ಇರುವುದು ಹಂಗಾರಕಟ್ಟೆಯ ಆಚೆ, ಹೊಳೆ ಸಮುದ್ರ ಸೇರುವ ಕಡೆ. ನೀರು ಇಳಿದಾಗ ಹೊಳೆಗಿಳಿದು ಚಿಪ್ಪು ಹೆಕ್ಕುವುದು ಅಲ್ಲಿನ ಹೆಂಗಸರ ಕೆಲಸ. ಹದಿನಾಲ್ಕು ವರ್ಷದ ಹಿಂದೆ ಅರಣ್ಯ ಇಲಾಖೆಯವರು ಬಂದು, ದಡದ ಕೆಸರಿನಲ್ಲಿ, ಉಪ್ಪುನೀರಲ್ಲೇ ಬೇರುಬಿಡುವ ಕಾಂಡ್ಲಾ ಗಿಡ ನೆಟ್ಟರೆ ಮಣ್ಣು ಕೊಚ್ಚಿಹೋಗುವುದಿಲ್ಲ ಎಂದರು. ಆ ಮಾತು ಕೇಳಿ ಮೊದಲು ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದವಳು ಮುತ್ತಕ್ಕ. ಧೈರ್ಯದಿಂದಲ್ಲ, ಇನ್ನೊಂದು ಮನೆ ನೀರುಪಾಲಾದೀತೆಂಬ ಹೆದರಿಕೆಯಿಂದ. ಮುಂದೆ ಇಲಾಖೆಯೂ ಊರೂ ಸೇರಿ ಕಾಡು ಕಾಯಲು ಸಮಿತಿ ಮಾಡಿದಾಗ, ಬೇಡ ಬೇಡ ಎಂದರೂ ಅಧ್ಯಕ್ಷಗಿರಿ ಅವಳ ತಲೆಗೇ ಬಂತು.

ಸಹಿ ಹಾಕುವುದೆಂದರೆ ಮಾತ್ರ ಅವಳಿಗೆ ಖುಷಿಯೋ ಖುಷಿ. ಸಾಕ್ಷರತೆಯ ಪಾಠಕ್ಕೆ ಹೋಗಿ ಕಲಿತದ್ದು ಹೆಸರು ಬರೆಯುವುದೊಂದನ್ನೇ. ಸಮಿತಿಯ ನಿರ್ಣಯ ಪುಸ್ತಕ ಬರೆಯುವವನು ನೆರೆಮನೆಯ ಪ್ರೇಮಾನಂದ, ಮುತ್ತಕ್ಕ ಎತ್ತಿ ಆಡಿಸಿದ ಹುಡುಗ, ಈಗ ನಲವತ್ತರ ಗಂಡಸು. ಸಭೆ ಅರ್ಧ ಆಗುವಾಗ ಹೊಳೆ ಇಳಿಯಲು ಶುರುವಾಗುತ್ತದೆ. ಇಳಿತ ಯಾರಿಗೂ ಕಾಯುವುದಿಲ್ಲ. ಹೆಂಗಸರು ಬುಟ್ಟಿ ಹಿಡಿದು ಎದ್ದುಬಿಡುತ್ತಾರೆ.

"ನೀವ್ ಸೈನ್ ಹಾಕಿ ಹೋಯ್ನಿ. ನಾ ಕಡಿಕ್ ಬರ್ಕಂತೆ" ಎನ್ನುತ್ತಿದ್ದ ಪ್ರೇಮಾನಂದ.

ಖಾಲಿ ಹಾಳೆಯ ಬುಡದಲ್ಲಿ ಸಮಿತಿಯ ಎಂಟು ಹೆಂಗಸರೂ ಸಹಿ ಹಾಕಿ ನೀರಿಗಿಳಿಯುವುದು ವರ್ಷಗಟ್ಟಲೆ ನಡೆದುಬಂದ ಕ್ರಮ. ಅದರಲ್ಲಿ ತಪ್ಪೇನಿದೆ ಎಂದು ಒಬ್ಬರಿಗೂ ಅನಿಸಿರಲಿಲ್ಲ.

ಈ ವರ್ಷ ಮಾರ್ಚ್ ಕೊನೆಗೆ, ಪ್ರೇಮಾನಂದನ ಭಾವನ ಸೀಗಡಿ ಕೆರೆಯ ಪಕ್ಕದಲ್ಲಿ ಅರವತ್ತು ಕಾಂಡ್ಲಾ ಮರ ನೆಲಸಮವಾದವು. ಕೇಳಿದ್ದಕ್ಕೆ ಪ್ರೇಮಾನಂದ, ಇಲಾಖೆಯವರೇ ಕಡಿಸಿದ್ದು ಎಂದ. ಮುತ್ತಕ್ಕ ನಂಬಿದಳು. ಮೇ ತಿಂಗಳಲ್ಲಿ ನೋಟೀಸು ಬಂತು. ಆಕಾಶದಿಂದ ತೆಗೆದ ಫೋಟೋದಲ್ಲಿ ಕಾಡು ಬೋಳಾದದ್ದು ಕಂಡಿದೆ. ಅರಣ್ಯ, ಕಂದಾಯ, ಬಂದರು ಮೂರೂ ಇಲಾಖೆ ಸೇರಿ ಮರುದಿನವೇ ತನಿಖೆಗೆ ಬರುತ್ತವೆ ಎಂದು ಸೊಸೆ ದಿವ್ಯಾ ಓದಿ ಹೇಳಿದಳು. ಒಬ್ಬರ ಮೇಲೊಬ್ಬರು ಫೈಲು ದೂಡುತ್ತಾ ಕೂರುವವರು ಒಟ್ಟಿಗೆ ಹೊರಟಿದ್ದಾರೆಂದರೆ ಸಣ್ಣ ವಿಷಯವಲ್ಲ ಎಂದು ಕುದ್ರುವಿಗೆಲ್ಲ ಗೊತ್ತಾಯಿತು.

ಅದೇ ಸಂಜೆ ಪ್ರೇಮಾನಂದ ಬಂದು ಜಗಲಿಯಲ್ಲಿ ಕುಳಿತ.

"ಮುತ್ತಕ್ಕ, ಪುಸ್ತಕದಗೆ ನಿಮ್ ಸೈನ್ ಇತ್ತ್. ಮರ ತೆಗುಕೆ ಸಮಿತಿ ಒಪ್ಪಿತ್ ಅಂದೇಳಿ ಬರ್ದಿತ್ತ್. ನಾಳಿಗ್ ಹೌದ್ ಅಂದ್ರೆ ಸೈ, ಮುಗೀತ್."

"ನಾ ಯಾವಾಗ್ ಒಪ್ಪದ್ ಮಾರಾಯ?"

"ಸೈನ್ ನಿಮ್ದಲ್ದಾ? ಬಾಯ್ ಬಿಟ್ರೆ ಮೊದ್ಲ್ ಒಳ್ಗ್ ಹೋಪುದ್ ನೀವೇ."

ಅವನು ಹೋದಮೇಲೂ ಮುತ್ತಕ್ಕ ಜಗಲಿ ಬಿಟ್ಟು ಏಳಲಿಲ್ಲ. ಒಳಗೆ ಹೋಗುವುದೆಂದರೆ ಜೈಲು. ಪೇಪರಿನಲ್ಲಿ ಫೋಟೋ ಬಂದೀತು, ಮೊಮ್ಮಗಳನ್ನು ಶಾಲೆಯಲ್ಲಿ ಮಕ್ಕಳು ಆಡಿಕೊಂಡಾರು. ಹೌದು ಎಂದುಬಿಟ್ಟರೆ ತಾನು ಉಳಿಯುತ್ತೇನೆ; ಆದರೆ ನಾಳೆ ಇನ್ನೊಬ್ಬ, ನಾಡಿದ್ದು ಮತ್ತೊಬ್ಬ ಅದೇ ಪುಸ್ತಕ ತೋರಿಸಿ ಕಡಿಯುತ್ತಾನೆ. ಆಮೇಲೆ ಈ ಮನೆಗೂ ಹೊಳೆಗೂ ನಡುವೆ ಏನು ಉಳಿಯುತ್ತದೆ? ಎರಡು ಕಡೆಯೂ ಹೆದರಿಕೆಯೇ. ಮರುದಿನ ಬೆಳಿಗ್ಗೆ ಗಂಜಿಯ ಬಟ್ಟಲನ್ನು ಹಾಗೇ ಬದಿಗೆ ಸರಿಸಿದಳು.

"ಎಂತ ಆಯ್ತ್ ಅತ್ತೆ? ಜ್ವರವಾ?" ಎಂದು ದಿವ್ಯಾ ಹಣೆ ಮುಟ್ಟಿ ನೋಡಿದಳು.

"ಎಂತ ಇಲ್ಲೆ" ಎಂದಳು ಮುತ್ತಕ್ಕ.

ಹತ್ತು ಗಂಟೆಗೆ ಸೇತುವೆ ದಾಟಿ ಎರಡು ಜೀಪು ಬಂದವು. ಕಡಿದ ಬೊಡ್ಡೆಗಳ ಹತ್ತಿರ ಊರವರು ಸೇರಿದರು. ಅರಣ್ಯ ಇಲಾಖೆಯ ಅಧಿಕಾರಿ ಸುಪ್ರೀತಾ, ಕನ್ನಡಕ ಹಾಕಿದ, ಮೆಲುದನಿಯ ಹೆಂಗಸು, ನಿರ್ಣಯ ಪುಸ್ತಕ ತೆರೆದು ಎಲ್ಲರಿಗೂ ಕೇಳುವಂತೆ ಓದಿದರು. ಮಾರ್ಚ್ ಇಪ್ಪತ್ತೆಂಟು, ಬೆಳಿಗ್ಗೆ ಎಂಟೂವರೆ. ಎಂಟು ಮಂದಿ ಸದಸ್ಯೆಯರು ಹಾಜರು. ದೋಣಿಯ ದಾರಿಗಾಗಿ ಅರವತ್ತು ಮರ ತೆಗೆಯಲು ಒಪ್ಪಿಗೆ.

"ಇದು ನಿಮ್ಮ ಸಹಿಯಾ ಅಮ್ಮ?"

ತನ್ನ ಮುದ್ದಾದ ಅಕ್ಷರಗಳನ್ನು ಕಂಡು ಮುತ್ತಕ್ಕನಿಗೆ ಮೊದಲ ಬಾರಿಗೆ ಹೇಸಿಗೆಯಾಯಿತು. "ಹೌದ್" ಎಂದಳು.

"ಸಭೆ ನಡೆದಿತ್ತಾ?"

ಇನ್ನೊಂದು ಸಲ ಹೌದು ಎಂದರೆ ಮನೆಗೆ ಹೋಗಿ ಮಲಗಬಹುದು. ಪ್ರೇಮಾನಂದ ನೆಲ ನೋಡುತ್ತಾ ನಿಂತಿದ್ದ. ಅಷ್ಟರಲ್ಲಿ ಹಿಂದಿನಿಂದ ಪದ್ದುವಿನ ದನಿ ಕೇಳಿತು. ಪದ್ದು ಜೊತೆಯಲ್ಲಿ ಚಿಪ್ಪು ಹೆಕ್ಕುವವಳು. ಮನಸ್ಸಿಗೆ ಬಂದದ್ದು ನಾಲಿಗೆಯಲ್ಲಿ ನಿಲ್ಲುವುದಿಲ್ಲ.

"ಇಪ್ಪತ್ತೆಂಟ್ ಅಂದ್ರೆ ಸಂಕಷ್ಟಿ ಅಲ್ದಾ ಮುತ್ತಕ್ಕ? ಉಪ್ವಾಸ ಇದ್ದ್ ಹೊಳಿಯಗ್ ನಾ ತಲಿ ತಿರ್ಗಿ ಬಿದ್ದದ್, ನೀವೇ ಎತ್ತದ್."

ಮುತ್ತಕ್ಕನಿಗೆ ಆ ಬೆಳಿಗ್ಗೆ ಇಡೀ ನೆನಪಾಯಿತು. ಹುಣ್ಣಿಮೆ ಕಳೆದ ಮೂರನೇ ದಿನ. ಎಂಟು ಗಂಟೆಗೆ ನೀರು ತಳ ಕಂಡಿತ್ತು. ಎಂಟೂ ಹೆಂಗಸರು ಹೊಳೆಯ ನಡುವೆ ಇದ್ದರು. ಅಂಥ ಇಳಿತ ಬಿಟ್ಟು ಸಭೆಗೆ ಕೂರುವ ಹೆಂಗಸು ಈ ಕುದ್ರುವಿನಲ್ಲಿ ಹುಟ್ಟಿಲ್ಲ. ಆದರೆ ಇದನ್ನು ಹೇಳಿದರೆ ಆ ಸಹಿ ಎಲ್ಲಿಂದ ಬಂತೆಂದೂ ಹೇಳಬೇಕು.

"ಮುತ್ತಕ್ಕ, ಯೋಚ್ನಿ ಮಾಡಿ ಮಾತಾಡಿ" ಎಂದ ಪ್ರೇಮಾನಂದ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. "ಸಭೆ ಆಯ್ಲಿಲ್ಲೆ ಮೇಡಮ್ಮ. ಆ ಹೊತ್ತಿಗ್ ನಾವೆಲ್ಲ ಹೊಳಿಯಗ್ ಇದ್ದದ್. ಸೈನ್ ನಂದೇ. ಮುಂಚೆಯೇ ಖಾಲಿ ಹಾಳಿ ಮೇಲ್ ಹಾಕಿ ಕೊಟ್ಟದ್. ಯಾವತ್ತೂ ಹಾಂಗೇ ಹಾಕುದ್."

ಬಂದರು ಇಲಾಖೆಯವರು ಭರತ ಇಳಿತದ ಪಟ್ಟಿ ತೆಗೆದು ನೋಡಿದರು. ಆ ದಿನ ಎಂಟರ ಹೊತ್ತಿಗೆ ಪೂರ್ತಿ ಇಳಿತ ಎಂದರು. ಕಂದಾಯದ ಸರ್ವೆಯರು ನಕ್ಷೆ ಬಿಡಿಸಿ, ಇಲ್ಲಿ ದೋಣಿಯ ದಾರಿಯೇ ಇಲ್ಲ, ಕಡಿದ ಜಾಗ ಸೀದಾ ಸೀಗಡಿ ಕೆರೆಗೆ ಸೇರುತ್ತದೆ ಎಂದರು. ಪ್ರೇಮಾನಂದನ ಮುಖ ಬಿಳಿಚಿಕೊಂಡಿತು. ಎತ್ತಿ ಆಡಿಸಿದ ಹುಡುಗನಲ್ಲವೇ, ಮುತ್ತಕ್ಕನಿಗೆ ಅದನ್ನು ಕಂಡು ಸಮಾಧಾನವೇನೂ ಆಗಲಿಲ್ಲ.

ಸುಪ್ರೀತಾ ಪೆನ್ನು ತೆಗೆದರು. "ಅಮ್ಮ, ನೀವು ಮಾಡಿದ್ದೂ ತಪ್ಪೇ. ಅದನ್ನೂ ಬರೆಯಬೇಕಾಗುತ್ತದೆ. ಅಧ್ಯಕ್ಷ ಸ್ಥಾನ ಹೋಗಬಹುದು, ಕೋರ್ಟಿಗೆ ಕರೆಯಬಹುದು. ಏನೂ ಆಗುವುದಿಲ್ಲ ಎಂದು ನಾನು ಸುಳ್ಳು ಹೇಳಲಾರೆ."

ಮುತ್ತಕ್ಕ ಒಂದು ಬೊಡ್ಡೆಯ ಮೇಲೆ ಕುಳಿತಳು. ಅದು ತಾನು ನೆಟ್ಟ ಮರವೋ, ಪದ್ದು ನೆಟ್ಟದ್ದೋ ಗೊತ್ತಾಗಲಿಲ್ಲ. "ಬರೀನಿ" ಎಂದಳು. "ಆದ್ರೆ ಬರ್ದದ್ನ ಪೂರಾ ಓದಿ ಹೇಳಿ. ಕಡಿಕ್ ಸೈನ್ ಹಾಕ್ತೆ."

ಸುಪ್ರೀತಾ ಬರೆದು, ನಿಧಾನವಾಗಿ ಓದಿದರು. ಹೊಳೆಯಲ್ಲಿ ನೀರು ಇಳಿಯುತ್ತಿತ್ತು, ದಡದಲ್ಲಿ ಬುಟ್ಟಿಗಳಿದ್ದವು. ಒಬ್ಬಳೂ ಎದ್ದು ಹೋಗಲಿಲ್ಲ. ಓದಿ ಮುಗಿದ ಮೇಲೆ ಮುತ್ತಕ್ಕ ಮಂಡಿಯ ಮೇಲೆ ಹಾಳೆ ಇಟ್ಟು ತನ್ನ ಹೆಸರು ಬರೆದಳು. ಪೆನ್ನು ವಾಪಸು ಕೊಡಲಿಲ್ಲ. ಹೆಸರಿನ ಕೆಳಗೆ ನಾಲ್ಕು ಬೆರಳಗಲ ಖಾಲಿ ಉಳಿದಿತ್ತು. ಇನ್ನು ಯಾರೂ ಅಲ್ಲಿ ಏನೂ ಬರೆಯದ ಹಾಗೆ, ಹೆಸರಿನ ಕೆಳಗಿನಿಂದ ಹಾಳೆಯ ಬುಡದ ತನಕ ಒಂದು ಗೀಟು ಎಳೆದಳು. ಗೀಟು ಸೊಟ್ಟಗಾಯಿತು. ಎಲ್ಲಿಯಾದರೂ ತುಂಡಾಗಿದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಹಾಳೆಯನ್ನು ಕೊಟ್ಟಳು.