ಎತ್ತುವವಳು, ಹೊರುವವಳು

ಕ್ಲಿನಿಕ್ಕಿನ ಕಾಗದದಲ್ಲಿ ಎರಡು ಸಾಲುಗಳಿದ್ದವು. ‘ಲಿಫ್ಟ್’ ಎಷ್ಟು ಪೌಂಡು, ‘ಕ್ಯಾರಿ’ ಎಷ್ಟು ಪೌಂಡು. ಸುಗುಣಾ ನಾಲ್ಕು ಸಲ ಓದಿ ಪೆನ್ನು ಕೆಳಗಿಟ್ಟಳು.

ಅವಳ ಸೊಂಟ ಹಿಡಿದು ಆರು ವಾರವಾಗಿತ್ತು. ಅಮೆರಿಕದ ಮಿಲ್ಪಿಟಾಸ್‌ನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಬಿಡಿಭಾಗಗಳ ಪೆಟ್ಟಿಗೆಗಳನ್ನು ಉಗ್ರಾಣದಿಂದ ಜೋಡಣೆಯ ಸಾಲಿಗೆ ಒಯ್ಯುವುದು ಅವಳ ಕೆಲಸ. ಅದು ಎರಡು ಸಾವಿರದ ಇಸವಿ. ಊರಿಗೆಲ್ಲ ಇಂಟರ್ನೆಟ್ಟಿನ ಹುಚ್ಚು ಹಿಡಿದಿತ್ತು, ಎಷ್ಟು ಜನ ದುಡಿದರೂ ಸಾಲುತ್ತಿರಲಿಲ್ಲ. ಸೋಮವಾರ ಕಾಗದ ಸರಿಯಾಗಿ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಸೂಪರ್‌ವೈಸರ್ ಫೋನಿನಲ್ಲಿ ಮೆತ್ತಗೆ ಹೇಳಿದ್ದ. ಹದಿನಾರನೆಯ ವಯಸ್ಸಿನಿಂದ ದುಡಿದ ಹೆಂಗಸಿಗೆ ಮನೆಯಲ್ಲಿ ಕೂರುವ ವಿದ್ಯೆ ಬರುವುದಿಲ್ಲ. ಆರು ವಾರದಲ್ಲೇ ಅವಳು ಗಂಡನ ಅಂಗಿಗಳನ್ನೆಲ್ಲ ಎರಡೆರಡು ಸಲ ಇಸ್ತ್ರಿ ಮಾಡಿ ಮುಗಿಸಿದ್ದಳು.

“ಎರಡೂ ಒಂದೇ ಮಾರಾಯ್ತಿ. ಎರಡಕ್ಕೂ ಇಪ್ಪತ್ತೈದು ಅಂತ ಬರಿ. ಕಂಪನಿಗೆ ಬೇಕಾದ್ದು ಅಷ್ಟೇ ಅಲ್ವಾ?” ಎಂದ ಗಂಡ ಭೋಜ.

“ಒಂದೇ ಆದ್ರೆ ಎರಡು ಸಲ ಕೇಳುವುದು ಯಾಕೆ?”

“ಇವರತ್ರ ಕಾಗದ ಜಾಸ್ತಿ ಉಂಟು, ಅದಕ್ಕೆ.”

ಸೋಫಾದಲ್ಲಿ ಓದುತ್ತಿದ್ದ ಮಗಳು ಶ್ರೇಯಾ ಪುಸ್ತಕದಿಂದ ಕಣ್ಣು ತೆಗೆಯದೆ ಹೇಳಿದಳು: “ನೋ ಪಪ್ಪಾ, ಡಿಫರೆಂಟ್. ಲಿಫ್ಟ್ ಈಸ್ ಅಪ್. ಕ್ಯಾರಿ ಅಂದ್ರೆ, ಲೈಕ್, ಅಲ್ಲಿಂದ ಇಲ್ಲಿಗೆ.”

ಅಷ್ಟು ಸುಗುಣಾಳಿಗೆ ಗೊತ್ತಿತ್ತು, ಮಗಳಿಗಿಂತ ಚೆನ್ನಾಗಿಯೇ ಗೊತ್ತಿತ್ತು. ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಸಿಂಬೆಯ ಮೇಲೆ ಹಂಚು ಹೊರುತ್ತಿದ್ದ ದಿನಗಳಲ್ಲಿ, ಹೊರುವವಳು ತಾನೇ ಬಗ್ಗಿ ಹೊರೆ ಎತ್ತಿಕೊಂಡದ್ದನ್ನು ಅವಳು ನೋಡಿರಲಿಲ್ಲ. ಎದುರಿಗೆ ಒಬ್ಬಳು ನಿಂತು ತಲೆಗೇರಿಸಬೇಕು. ಎತ್ತುವುದು ಒಬ್ಬರ ಪಾಲು, ಹೊರುವುದು ಇನ್ನೊಬ್ಬರ ಪಾಲು. ಮಿಲ್ಪಿಟಾಸ್‌ನಲ್ಲಿ ಎಂಟು ವರ್ಷ ಎರಡನ್ನೂ ಒಬ್ಬಳೇ ಮಾಡಿದ್ದರಿಂದಲೇ ಸೊಂಟ ಹೋದದ್ದು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಅರ್ಥವಾಗದೆ ಉಳಿದದ್ದು ಬೇರೆ: ಇಬ್ಬರ ಕೆಲಸದ ಪ್ರಶ್ನೆಯನ್ನು ಒಬ್ಬಳಿಗೇ ಯಾಕೆ ಕೇಳುತ್ತಾರೆ? ಸಾಲುಗಳನ್ನು ಖಾಲಿ ಬಿಟ್ಟು ಕ್ಲಿನಿಕ್ಕಿಗೆ ಹೋದಳು.

ಅಲ್ಲಿದ್ದ ತರುಣ ಥೆರಪಿಸ್ಟ್ ನೆಲದ ಮೇಲಿನ ಪೆಟ್ಟಿಗೆ ತೋರಿಸಿ, ಬಾಗಿಲವರೆಗೆ ಒಯ್ಯಲು ಹೇಳಿದ. ಸುಗುಣಾ ಪೆಟ್ಟಿಗೆಯ ಒಂದು ಬದಿಗೆ ನಿಂತು ಕಾದಳು. ಅವನೂ ಪೆನ್ಸಿಲ್ ಹಿಡಿದು ಕಾದ. ಬಾ ಎಂದು ಇವಳು ಕತ್ತು ಆಡಿಸಿದಳು. ಅವನು ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ.

“ಯು ಲಿಫ್ಟ್. ಐ ಕ್ಯಾರಿ,” ಎಂದಳು.

“ನೋ, ನೋ. ಯು ಡು ಬೋತ್.”

ಬಗ್ಗಿದಳು. ಹತ್ತು ಪೌಂಡಿಗೇ ಸೊಂಟದಲ್ಲಿ ಚಳುಕು ಹೊಡೆಯಿತು. ಅವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಾಗ ಅವಳು ಅದನ್ನು ಎದೆಗೆ ಅವಚಿಕೊಂಡು ಕೋಣೆ ಸುತ್ತಿದಳು. ಅವನು ತೂಕ ಹಾಕುತ್ತಲೇ ಹೋದ, ಅವಳು ಸುತ್ತುತ್ತಲೇ ಹೋದಳು. ನಲವತ್ತು ಪೌಂಡಿಗೆ ಮೂರು ಸುತ್ತಾದ ಮೇಲೆ, ಸಾಕೋ ಎಂದು ಕೇಳಿದಳು. ಅವನು ಲಿಫ್ಟ್ ಹತ್ತು, ಕ್ಯಾರಿ ನಲವತ್ತು ಎಂದು ಬರೆದು, ಬರೆದದ್ದನ್ನು ತಾನೇ ಬಹಳ ಹೊತ್ತು ನೋಡಿದ.

ಸೋಮವಾರ ಸೂಪರ್‌ವೈಸರನೂ ಹಾಗೆಯೇ ನೋಡಿದ. ನಲವತ್ತು ಹೊರುವವಳು ಹತ್ತಕ್ಕಿಂತ ಹೆಚ್ಚು ಎತ್ತಲಾರಳು ಎಂದರೇನು? ಅಂಕಿ ಅದಲುಬದಲಾಗಿದೆಯೇ ಎಂದು ಕ್ಲಿನಿಕ್ಕಿಗೆ ಫೋನು ಮಾಡಿದ. ಆಗಿಲ್ಲವೆಂದರು. ಇಂಥವಳನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಅವನಿಗೆ ಬಗೆಹರಿಯಲಿಲ್ಲ. ಮೇಲಿನವರನ್ನು ಕೇಳಿ ಬರುವವರೆಗೆ ಕೂತಿರಲು ಹೇಳಿ ಹೋದ.

ಉಗ್ರಾಣದಲ್ಲಿ ಅವಳ ಜೊತೆಗೆ ದುಡಿಯುವ ಮೈಸೂರಿನ ನೂರುನ್ನಿಸಾ ಹತ್ತಿರ ಬಂದಳು. “ಏನಂತೆ ಅಕ್ಕಾ?”

“ಎತ್ತಲಿಕ್ಕೆ ಆಗುದಿಲ್ಲ, ಹೊರಲಿಕ್ಕೆ ಆಗ್ತದೆ ಅಂತ ಬರೆದಿದ್ದಾರೆ. ಇವನಿಗೆ ತಲೆ ಕೆಟ್ಟಿದೆ.”

“ಅಷ್ಟೇನಾ? ನಂಗೆ ಓಡಾಡಿ ಓಡಾಡಿ ಹಿಮ್ಮಡಿ ಸತ್ತೋಗಿದೆ. ಎತ್ತೋದು ಬೇಕಾದ್ರೆ ಸಂಜೆವರೆಗೂ ಎತ್ತೀನಿ. ಹಿಡ್ಕೊಳ್ಳಿ.”

ಸುಗುಣಾ ಎದ್ದು ಕೈಚಾಚಿದಳು. ನೆಲದ ಮೇಲಿದ್ದ ಪೆಟ್ಟಿಗೆಗಳನ್ನು ನೂರುನ್ನಿಸಾ ಬಗ್ಗಿ ಎತ್ತಿಕೊಟ್ಟಳು, ಸುಗುಣಾ ಒಯ್ದಳು. ಸೂಪರ್‌ವೈಸರ್ ಮರಳಿ ಬರುವಷ್ಟರಲ್ಲಿ ನೆಲ ಖಾಲಿಯಾಗಿತ್ತು. ಖಾಲಿ ನೆಲವನ್ನೂ ಕಾಗದವನ್ನೂ ನೋಡಿ, ಲಿಫ್ಟ್ ಸಾಲಿನ ಪಕ್ಕದಲ್ಲಿ ನೂರುನ್ನಿಸಾಳ ಹೆಸರು ಬರೆದು ಸಹಿ ಹಾಕಿದ. ಪೆಟ್ಟಿಗೆಗಳನ್ನು ನೆಲದ ಬದಲು ಮೇಜಿನ ಮೇಲೆ ಇಳಿಸಬಹುದಿತ್ತೆಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

“ಹಾಗಾದ್ರೆ ಕೆಲಸ ಉಳಿದದ್ದು ನಿನಗೋ ಅವಳಿಗೋ?” ಭೋಜ ಸಂಜೆ ಕೇಳಿದ.

“ನನಗೇ ಅಂತ ಕಾಣ್ತದೆ. ಆದ್ರೆ ಅವಳು ಬಾರದ ದಿನ ನಾನೂ ಬರಬಾರದಂತೆ.”

“ಅಂದ್ರೆ ಅವಳಿಗೆ ಶೀತ ಆದ್ರೆ ನೀನು ಮಲಗಬೇಕು!”

ಸುಗುಣಾ ನಗಲಿಲ್ಲ. ಸ್ವಲ್ಪ ಹೊತ್ತು ಲೆಕ್ಕ ಹಾಕಿ ಫೋನಿನ ಹತ್ತಿರ ಹೋದಳು.

“ನೂರುನ್ನಿಸಾ, ಈ ಸಲ ರಂಜಾನ್ ಹಬ್ಬಕ್ಕೆ ನಿನಗೆ ಎಷ್ಟು ದಿನ ರಜೆ ಬೇಕು?”